ಆಟೊಮನ್ನರ ಮಿಲ್ಲೆತ್ ಪದ್ಧತಿ ಪ್ರಜೆಗಳಿಗೆ ಒಳ್ಳೆಯದು ಮಾಡಿತೇ?

ಟರ್ಕಿಯ ಸಂಸತ್ತಿನ ಹೆಸರಿನಲ್ಲಿ ‘ಮಿಲ್ಲೆತ್’ ಎಂಬ ಪದ ಇದೆ. ಇವತ್ತು ಅದರ ಅರ್ಥ ರಾಷ್ಟ್ರ. ಇನ್ನೂರು ವರ್ಷದ ಹಿಂದೆ ಅದೇ ಪದಕ್ಕೆ ಧರ್ಮ ಸಮುದಾಯ ಎಂಬ ಅರ್ಥ ಇತ್ತು. ನಮ್ಮ ಕಡೆಯ ಉರ್ದುವಿನಲ್ಲಿ ಕೇಳುವ ‘ಮಿಲ್ಲತ್’ ಕೂಡ ಅದೇ. ಆಟೊಮನ್ ಸುಲ್ತಾನರು ಬಾಲ್ಕನ್‌ನಿಂದ ಬಾಗ್ದಾದ್‌ವರೆಗೆ ಹತ್ತಾರು ಭಾಷೆಯ ಜನರನ್ನು ಆಳಿದರು. ಆದರೆ ಜನರನ್ನು ಗುರುತಿಸಿದ್ದು ಧರ್ಮದಿಂದ: ಮುಸ್ಲಿಮರು, ‘ರೂಮ್’ ಎನಿಸಿಕೊಂಡ ಆರ್ಥೊಡಾಕ್ಸ್ ಕ್ರೈಸ್ತರು, ಅರ್ಮೇನಿಯನ್ನರು, ಯಹೂದಿಗಳು. ಮುಸ್ಲಿಮೇತರರಿಗೆ ತಮ್ಮದೇ ಗುರು, ತಮ್ಮದೇ ಶಾಲೆ, ಮದುವೆ–ಆಸ್ತಿಗೆ ತಮ್ಮದೇ ಕಟ್ಟಳೆ. ಈ ಏರ್ಪಾಡು ಜನರಿಗೆ ಒಳ್ಳೆಯದು ಮಾಡಿತೇ? ಎರಡು ಉತ್ತರಗಳು ಇಲ್ಲಿವೆ.

ಪರ: ಮನೆಮಾತು ಉಳಿಯಿತು, ದೇವರು ಉಳಿದ

1492ರಲ್ಲಿ ಸ್ಪೇನ್ ತನ್ನ ಯಹೂದಿಗಳಿಗೆ ಎರಡೇ ದಾರಿ ಕೊಟ್ಟಿತು. ಮತ ಬದಲಿಸಿ, ಇಲ್ಲವೇ ದೇಶ ಬಿಡಿ. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಅವರಲ್ಲಿ ತುಂಬಾ ಜನರಿಗೆ ಜಾಗ ಕೊಟ್ಟವನು ಸುಲ್ತಾನ್ ಎರಡನೇ ಬಾಯಜೀದ್. ಅವರು ಸಲೋನಿಕಾದಲ್ಲಿ (ಇಂದಿನ ಗ್ರೀಸ್‌ನ ಥೆಸಲೋನಿಕಿ), ಇಸ್ತಾಂಬುಲ್‌ನಲ್ಲಿ ನೆಲೆ ನಿಂತರು. ಜೊತೆಗೆ ತಂದ ಹಳೆಯ ಸ್ಪ್ಯಾನಿಷ್ ಮಾತು, ಅಂದರೆ ಲಡೀನೋ, ಅವರ ಮನೆಗಳಲ್ಲಿ ಇಪ್ಪತ್ತನೇ ಶತಮಾನದವರೆಗೂ ನಡೆಯಿತು. ಸಲೋನಿಕಾ ಬಂದರಿನ ಹಮಾಲಿಗಳಲ್ಲಿ ಯಹೂದಿಗಳೇ ಜಾಸ್ತಿ. ಹಾಗಾಗಿ ಅವರ ಸಬ್ಬತ್ ದಿನವಾದ ಶನಿವಾರ ಬಂದರಿನ ಕೆಲಸವೇ ನಿಲ್ಲುತ್ತಿತ್ತು. ಮುಸ್ಲಿಂ ಸುಲ್ತಾನನ ದೊಡ್ಡ ಬಂದರು ಯಹೂದಿಗಳ ಹಬ್ಬ–ರಜೆಗೆ ತಕ್ಕಂತೆ ನಡೆಯುವುದು ಸಣ್ಣ ಮಾತಲ್ಲ.

ಆಗಿನ ಯುರೋಪ್ ಕಡೆ ತಿರುಗಿ ನೋಡಿ. 1555ರಲ್ಲಿ ಜರ್ಮನ್ ನಾಡುಗಳಲ್ಲಿ ಆದ ಒಪ್ಪಂದದ ತಿರುಳು, ಅರಸನ ಮತವೇ ಪ್ರಜೆಗಳ ಮತ. 1572ರಲ್ಲಿ ಪ್ಯಾರಿಸ್‌ನ ಬೀದಿಗಳಲ್ಲಿ ಪ್ರಾಟೆಸ್ಟೆಂಟರನ್ನು ಕೊಂದರು. 1685ರಲ್ಲಿ ಫ್ರಾನ್ಸ್ ಅವರಿಗಿದ್ದ ರಕ್ಷಣೆಯನ್ನೂ ಕಿತ್ತುಕೊಂಡಿತು. ಆಟೊಮನ್ನರಲ್ಲಿ ಸಮಾನತೆ ಇತ್ತು ಅಂತ ನಾನು ಹೇಳುವುದಿಲ್ಲ. ಮುಸ್ಲಿಮೇತರರು ಜಿಜಿಯಾ ತೆರಿಗೆ ಕೊಡಬೇಕಿತ್ತು. ಹೊಸ ಚರ್ಚ್ ಕಟ್ಟಲು ಅನುಮತಿ ಬೇಕಿತ್ತು. ಆದರೆ ಒಂದು ಕಾಲವನ್ನು ಅಳೆಯುವಾಗ ಆ ಕಾಲದ ಅಳತೆಗೋಲನ್ನೂ ಹಿಡಿಯಬೇಕು, ಅಲ್ವಾ?

ಅಚ್ಚುಕೂಟದ ಕಥೆ ನನಗೆ ತುಂಬಾ ಇಷ್ಟ. ಇಸ್ತಾಂಬುಲ್‌ನಲ್ಲಿ ಮೊದಲು ಪುಸ್ತಕ ಅಚ್ಚು ಹಾಕಿದವರು ಸ್ಪೇನ್‌ನಿಂದ ಬಂದ ಯಹೂದಿಗಳು. 1567ರಲ್ಲಿ ಅರ್ಮೇನಿಯನ್ನರ ಅಚ್ಚುಕೂಟ ಶುರುವಾಯಿತು. ಇಬ್ರಾಹಿಂ ಮುತೆಫೆರ್ರಿಕನ ಮುದ್ರಣಾಲಯದಿಂದ ಮೊದಲ ತುರ್ಕಿ ಪುಸ್ತಕ ಹೊರಬಂದಿದ್ದು 1729ರಲ್ಲಿ. ಆಳುವವರಿಗಿಂತ ನೂರು–ಇನ್ನೂರು ವರ್ಷ ಮೊದಲೇ ಆಳಿಸಿಕೊಂಡವರು ತಮ್ಮ ಲಿಪಿಯಲ್ಲಿ ಪುಸ್ತಕ ಓದುತ್ತಿದ್ದರು.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ನೆನೆಯುವುದಿಲ್ಲ. 1863ರಲ್ಲಿ ಅರ್ಮೇನಿಯನ್ ಮಿಲ್ಲೆತ್‌ಗೆ ಒಂದು ಸಂವಿಧಾನ ಬಂತು. ಒಟ್ಟು 140 ಸದಸ್ಯರ ಸಭೆ. ಅದರಲ್ಲಿ ಪಾದ್ರಿಗಳು ಬರೀ 20. ಉಳಿದವರು ಇಸ್ತಾಂಬುಲ್‌ನಿಂದ ಮತ್ತು ಬೇರೆ ಪ್ರಾಂತ್ಯಗಳಿಂದ ಆರಿಸಿ ಬಂದ ಸಾಮಾನ್ಯರು. ಶಾಲೆ, ಆಸ್ಪತ್ರೆ, ಲೆಕ್ಕಪತ್ರ ಎಲ್ಲ ಅವರ ಕೈಯಲ್ಲಿ. ಇಡೀ ಸಾಮ್ರಾಜ್ಯಕ್ಕೆ ಸಂವಿಧಾನ ಬಂದಿದ್ದು ಅದಾದ 13 ವರ್ಷದ ಮೇಲೆ, 1876ರಲ್ಲಿ. ಅದರ ಹಿಂದಿದ್ದ ಆಟೊಮನ್ ಮುತ್ಸದ್ದಿ ಮಿದ್ಹತ್ ಪಾಷಾನಿಗೆ ಸಲಹೆಗಾರನಾಗಿದ್ದವನು ಕ್ರಿಕೋರ್ ಒದಿಯಾನ್. ಅರ್ಮೇನಿಯನ್ ಸಂವಿಧಾನ ಬರೆದವರಲ್ಲೂ ಅವನಿದ್ದ. ಒಂದು ಸಮುದಾಯ ತನ್ನ ಮನೆಯೊಳಗೆ ಕಲಿತ ಪಾಠ ಇಡೀ ಊರಿಗೆ ಬಂತು.

ಕೊನೆಗೆ ರಕ್ತ ಹರಿಯಿತು, ನಿಜ. 1912–13ರ ಬಾಲ್ಕನ್ ಯುದ್ಧಗಳಲ್ಲಿ ಲಕ್ಷಾಂತರ ಮುಸ್ಲಿಮರು ಮನೆ ಕಳೆದುಕೊಂಡರು. 1915ರಲ್ಲಿ ಅರ್ಮೇನಿಯನ್ನರ ನರಮೇಧ ನಡೆಯಿತು. ಆದರೆ ಇದರ ಹಿಂದಿದ್ದದ್ದು ಬೇರೆ ಯೋಚನೆ. ಒಂದು ನೆಲ, ಒಂದು ಜನ, ಒಂದು ಭಾಷೆ ಎಂಬ ಹೊಸ ಹಟ. ಆ ಹಟಕ್ಕೆ ಮಿಲ್ಲೆತ್ ಅಡ್ಡಿಯಾಗಿತ್ತು. ಅದಕ್ಕೇ ಅದನ್ನು ಮುರಿದರು. ಸಲೋನಿಕಾದಂಥ ಊರು, ಅಲ್ಲಿ ಒಂದೇ ಬೀದಿಯಲ್ಲಿ ಕೇಳುತ್ತಿದ್ದ ನಾಲ್ಕೈದು ಭಾಷೆ, ಮತ್ತೆ ಹುಟ್ಟಲಿಲ್ಲ.

ವಿರೋಧ: ಹಣೆಗೆ ಹಚ್ಚಿದ ಒಂದೇ ಗುರುತು

ಇಸ್ತಾಂಬುಲ್‌ನ ಫೆನೆರ್ ಬಡಾವಣೆಯಲ್ಲಿ ಆರ್ಥೊಡಾಕ್ಸ್ ಪ್ರಧಾನ ಗುರುವಿನ ಪೀಠ ಇದೆ. ಅದರ ನಡುಬಾಗಿಲು 1821ರಿಂದ ಮುಚ್ಚಿದೆ. ಆ ವರ್ಷದ ಈಸ್ಟರ್ ಭಾನುವಾರ ಗುರು ಐದನೇ ಗ್ರೆಗೊರಿಯನ್ನು ಅದೇ ಬಾಗಿಲಿಗೆ ನೇಣು ಹಾಕಿದರು. ಗ್ರೀಕರು ದಂಗೆ ಎದ್ದಿದ್ದರು. ಗ್ರೆಗೊರಿ ಆ ದಂಗೆಕೋರರನ್ನು ಧರ್ಮದಿಂದ ಬಹಿಷ್ಕರಿಸಿದ್ದ. ಆದರೂ ಅವನಿಗೆ ಉಳಿಗಾಲ ಇರಲಿಲ್ಲ. ನಿನ್ನ ಜನ ತಪ್ಪು ಮಾಡಿದರೆ ನಿನ್ನ ಕುತ್ತಿಗೆ ಎಂಬುದು ಆ ಏರ್ಪಾಡಿನ ಒಳಗುಟ್ಟು. ಸಮುದಾಯದ ಮುಖಂಡ ಅಂದರೆ ಸುಲ್ತಾನನ ಕೈಯಲ್ಲಿದ್ದ ಒತ್ತೆಯಾಳು. ಇದನ್ನು ಸ್ವಾಯತ್ತತೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಒಳಗಿದ್ದವರ ಪಾಡು ನೋಡೋಣ. ಬಲ್ಗೇರಿಯನ್, ಸರ್ಬಿಯನ್, ರುಮೇನಿಯನ್, ಅರಬ್ಬಿ ಮಾತಾಡುವ ಆರ್ಥೊಡಾಕ್ಸ್ ಜನರೆಲ್ಲ ‘ರೂಮ್’. ಮೇಲೆ ಕೂತ ಬಿಷಪ್ಪರು ಹೆಚ್ಚಾಗಿ ಗ್ರೀಕರು. ಸರ್ಬಿಯನ್ನರ ಪೆಚ್ ಪೀಠವನ್ನು 1766ರಲ್ಲಿ, ಓಹ್ರಿದ್ ಪೀಠವನ್ನು 1767ರಲ್ಲಿ ಮುಚ್ಚಿ ಎಲ್ಲವನ್ನೂ ಇಸ್ತಾಂಬುಲ್‌ಗೆ ಸೇರಿಸಿದರು. ತಮ್ಮ ಹಳ್ಳಿಯ ಚರ್ಚಿನಲ್ಲಿ ತಮ್ಮ ಭಾಷೆ ಕೇಳಬೇಕೆಂದು ಬಲ್ಗೇರಿಯನ್ನರು ವರ್ಷಗಟ್ಟಲೆ ಜಗಳವಾಡಿದರು. 1860ರ ಈಸ್ಟರ್ ದಿನ ಇಸ್ತಾಂಬುಲ್‌ನ ಅವರ ಚರ್ಚಿನಲ್ಲಿ ಬಿಷಪ್ ಇಲರಿಯೊನ್ ಪೂಜೆ ಮಾಡುತ್ತಿದ್ದರು. ಪದ್ಧತಿಯಂತೆ ಪ್ರಧಾನ ಗುರುವಿನ ಹೆಸರು ಹೇಳಬೇಕು. ಹೇಳಲಿಲ್ಲ. ಒಂದು ಹೆಸರು ಬಿಟ್ಟಿದ್ದೇ ದೊಡ್ಡ ಬಂಡಾಯವಾಯಿತು.

ಹತ್ತು ವರ್ಷದ ನಂತರ, 1870ರಲ್ಲಿ, ಸುಲ್ತಾನ್ ಅಬ್ದುಲ್ ಅಜೀಜ್ ಬಲ್ಗೇರಿಯನ್ನರಿಗೆ ಬೇರೆ ಚರ್ಚ್ ಕೊಟ್ಟ. ಆ ಫರ್ಮಾನಿನಲ್ಲಿ ಒಂದು ಷರತ್ತು: ಒಂದು ಪ್ರದೇಶದ ಮೂರರಲ್ಲಿ ಎರಡು ಪಾಲು ಆರ್ಥೊಡಾಕ್ಸ್ ಜನ ಒಪ್ಪಿದರೆ ಆ ಪ್ರದೇಶ ಹೊಸ ಚರ್ಚಿಗೆ ಸೇರಬಹುದು. ಓದಲು ಎಷ್ಟು ನ್ಯಾಯವಾಗಿದೆ! ಆದರೆ ಮ್ಯಾಸಿಡೋನಿಯದ ಹಳ್ಳಿಗಳಲ್ಲಿ ಆ ‘ಎರಡು ಪಾಲು’ ಸಿಗಲೆಂದು ಪೈಪೋಟಿ ಶುರುವಾಯಿತು. ಮೊದಲು ಶಾಲಾ ಮೇಷ್ಟ್ರು ಬಂದರು, ಆಮೇಲೆ ಬಂದೂಕು ಬಂತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಯಾವ ಪಾದ್ರಿಯ ಹಿಂದೆ ಪ್ರಾರ್ಥಿಸುತ್ತೀ ಎಂಬುದರ ಮೇಲೆ ಜೀವ–ಸಾವು ನಿಂತಿತ್ತು. ಧರ್ಮದ ಅಚ್ಚಿನಲ್ಲೇ ರಾಷ್ಟ್ರವನ್ನು ಎರಕ ಹೊಯ್ದರು. ಪರ ಬರೆದವರು ಮಿಲ್ಲೆತ್ ಬೇರೆ, ರಾಷ್ಟ್ರವಾದ ಬೇರೆ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಟರ್ಕಿಯಲ್ಲಿ ಎರಡಕ್ಕೂ ಒಂದೇ ಪದ ಉಳಿದಿದೆಯಲ್ಲ!

ಒಳಗೆ ಬರುವ ಬಾಗಿಲು ತೆರೆದಿತ್ತು, ಹೊರಗೆ ಹೋಗುವ ಬಾಗಿಲು ಮಾತ್ರ ಮುಚ್ಚಿತ್ತು ಎಂಬುದನ್ನೂ ಹೇಳಬೇಕು. ಕ್ರೈಸ್ತ ಮುಸ್ಲಿಮನಾಗಬಹುದು. ಮುಸ್ಲಿಂ ತನ್ನ ಮತ ಬಿಟ್ಟರೆ ಮರಣದಂಡನೆ. 1844ರವರೆಗೂ ಈ ಶಿಕ್ಷೆ ಜಾರಿಯಲ್ಲಿತ್ತು.

ಈಗ 1923ಕ್ಕೆ ಬರೋಣ. ನನ್ನ ವಾದದ ತೂಕ ಇರುವುದೇ ಇಲ್ಲಿ. ಜನವರಿ 30ರಂದು ಸ್ವಿಟ್ಜರ್ಲೆಂಡ್‌ನ ಲೂಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿಕೊಂಡವು. ಯಾರು ಗ್ರೀಕ್, ಯಾರು ತುರ್ಕ ಎಂದು ಹೇಗೆ ನೋಡಿದರು? ಭಾಷೆ ಕೇಳಲಿಲ್ಲ. ಮನಸ್ಸು ಕೇಳಲಿಲ್ಲ. ಹಳೆಯ ಮಿಲ್ಲೆತ್ ಲೆಕ್ಕವನ್ನೇ ತೆಗೆದರು. ಟರ್ಕಿಯ ಏಷ್ಯಾ ಭಾಗವಾದ ಆನತೋಲಿಯದಲ್ಲಿ ಕರಮಾನ್ಲಿ ಎಂಬ ಜನ ಇದ್ದರು. ಆರ್ಥೊಡಾಕ್ಸ್ ಕ್ರೈಸ್ತರು, ಆದರೆ ಮನೆಮಾತು ತುರ್ಕಿ. ಅದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅವರನ್ನು ಭಾಷೆಯೇ ಬಾರದ ಗ್ರೀಸ್‌ಗೆ ಕಳಿಸಿದರು. ಕ್ರೀಟ್ ದ್ವೀಪದ ಮುಸ್ಲಿಮರಿಗೆ ಬರುತ್ತಿದ್ದದ್ದು ಗ್ರೀಕ್. ಅವರನ್ನು ಟರ್ಕಿಗೆ ಹಡಗು ಹತ್ತಿಸಿದರು. ಅವರಲ್ಲಿ ಹಲವರು ಅಯ್ವಾಲಿಕ್‌ನಲ್ಲಿ, ಗ್ರೀಕರು ಬಿಟ್ಟುಹೋದ ಮನೆಗಳಲ್ಲಿ, ಗ್ರೀಕ್ ಮಾತಾಡುತ್ತಲೇ ಬದುಕಿದರು. ಯುದ್ಧದಲ್ಲಿ ಮೊದಲೇ ಓಡಿಹೋಗಿದ್ದವರನ್ನೂ ಸೇರಿಸಿದರೆ ಸುಮಾರು 12 ಲಕ್ಷ ಕ್ರೈಸ್ತರು, ಸುಮಾರು 4 ಲಕ್ಷ ಮುಸ್ಲಿಮರು ಊರು ಕಳೆದುಕೊಂಡರು. ಒಬ್ಬ ಮುದುಕಿಗೆ ತನ್ನ ಅಂಗಳದ ಮರ ಬೇಕು, ತನ್ನ ಮಾತು ತಿಳಿಯುವ ನೆರೆಯವಳು ಬೇಕು. ಪಟ್ಟಿ ಬರೆದವರಿಗೆ ಅವಳ ಧರ್ಮ ಮಾತ್ರ ಬೇಕಿತ್ತು.

ಲೂಸಾನ್ ಒಪ್ಪಂದದಲ್ಲಿ ಟರ್ಕಿ ಅಲ್ಪಸಂಖ್ಯಾತರೆಂದು ಒಪ್ಪಿದ್ದೂ ಮುಸ್ಲಿಮೇತರರನ್ನು ಮಾತ್ರ. ಕುರ್ದರು ಮುಸ್ಲಿಮರು, ಆದ್ದರಿಂದ ಆ ಲೆಕ್ಕದಲ್ಲಿ ಅವರು ಬೇರೆ ಜನವೇ ಅಲ್ಲ. ಅವರ ಭಾಷೆಯನ್ನು ದಶಕಗಟ್ಟಲೆ ಹತ್ತಿಕ್ಕಿದರು.

ನಮಗೂ ಇಲ್ಲೊಂದು ನಂಟಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಇಂದಿನ ಇಸ್ರೇಲ್‌ನ ಹೈಫಾ ಊರನ್ನು ಆಟೊಮನ್ನರಿಂದ ಗೆದ್ದರು. ಸುಲ್ತಾನನ ಸೈನ್ಯ ಅಲ್ಲಿಂದ ಹೋಯಿತು. ಅವನ ಮದುವೆಯ ಕಟ್ಟಳೆ ಹೋಗಲಿಲ್ಲ. ಅದು ಬ್ರಿಟಿಷರ ಕಾಲ ದಾಟಿ ಇಸ್ರೇಲ್‌ಗೂ ಬಂತು. ಇವತ್ತಿಗೂ ಅಲ್ಲಿ ಮದುವೆ ಮಾಡಿಸುವ ಅಧಿಕಾರ ಆಯಾ ಧರ್ಮದ ಗುರುಗಳದ್ದು, ನ್ಯಾಯಾಲಯಗಳದ್ದು. ಹೈಫಾದ ಒಬ್ಬ ಯಹೂದಿ ಹುಡುಗ, ಒಬ್ಬ ಕ್ರೈಸ್ತ ಹುಡುಗಿ ಒಂದೇ ಬೀದಿಯಲ್ಲಿ ಬೆಳೆದಿರಬಹುದು. ಮದುವೆಯಾಗಬೇಕೆಂದರೆ ಅಂಥವರು ಸೈಪ್ರಸ್‌ಗೋ ಇನ್ನೆಲ್ಲಿಗೋ ಹೋಗಿ ಬರುತ್ತಾರೆ.