ನಕ್ಷತ್ರಕ್ಕೊಂದು ಉಪಕಾರ

ಒಳ್ಳೆಯ ಕೆಲಸಕ್ಕೊಂದು ನಕ್ಷತ್ರ ಎಂಬ ಯೋಜನೆ ಹುಟ್ಟಿದ್ದು ಸ್ಟಾಫ್ ಮೀಟಿಂಗಿನಲ್ಲಿ. ನವೆಂಬರ್ 13 ವಿಶ್ವ ದಯಾ ದಿನ, ನಾವೂ ಏನಾದರೂ ಮಾಡಬೇಕಲ್ವಾ ಅಂತ ಶುರುವಾದ ಮಾತು ಕೊನೆಗೆ ನನ್ನ ಎರಡನೇ ಕ್ಲಾಸಿನ ಗೋಡೆಗೆ ಬಂದು ಅಂಟಿತು. ದೊಡ್ಡ ಚಾರ್ಟು. ಎಡಗಡೆ ಮಕ್ಕಳ ಹೆಸರು, ಬಲಗಡೆ ಖಾಲಿ ಮನೆಗಳು. ಯಾರಿಗಾದರೂ ಸಹಾಯ ಮಾಡಿದರೆ ಬಂಗಾರದ ಬಣ್ಣದ ಒಂದು ಸ್ಟಿಕ್ಕರ್.

ಮೊದಲ ಪಿರಿಯಡ್ ಮುಗಿಯುವಷ್ಟರಲ್ಲಿ ಕ್ಲಾಸಿನ ತುಂಬ ಪೆನ್ಸಿಲ್‌ಗಳು ಬೀಳತೊಡಗಿದವು. ಒಬ್ಬ ಬೀಳಿಸುವುದು, ಪಕ್ಕದವನು ಎತ್ತಿಕೊಟ್ಟು ನನ್ನ ಕಡೆ ನೋಡುವುದು. ಆಮೇಲೆ ಪಾಳಿ ಬದಲು. "ಲೋ, ಈಗ ನೀನು ಬೀಳ್ಸು. ನನ್ದಾಯ್ತು" ಅನ್ನುವ ಮಾತು ಬೋರ್ಡಿನವರೆಗೂ ಕೇಳಿಸಿತು.

ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದ ಹುಡುಗನೊಬ್ಬನನ್ನು ಬಿದ್ದಿದ್ದಾನೆಂದು ತೀರ್ಮಾನಿಸಿ ಆರು ಜನ ಎತ್ತಿ ನಿಲ್ಲಿಸಿದರು. ಲೇಸ್ ಬಿಚ್ಚೇ ಇತ್ತು. ಹಾಗಾಗಿ ಎರಡು ಹೆಜ್ಜೆ ಇಟ್ಟವನು ನಿಜವಾಗಿಯೂ ಬಿದ್ದ. ಮತ್ತೆ ಎತ್ತಿದರು. ಅದಕ್ಕೆ ಬೇರೆ ನಕ್ಷತ್ರ ಬೇಕಂತೆ.

ನೀರಿನ ಬಾಟಲಿ ಕಥೆ ಇನ್ನೊಂದು. ಒಬ್ಬಳು ಮುಚ್ಚಳ ತೆಗೆಯಲು ಹೋದದ್ದೇ ತಡ, ಮೂವರು ಕೈ ಹಾಕಿದರು. ಅವಳು ಬಿಡಲಿಲ್ಲ, ಅವರೂ ಬಿಡಲಿಲ್ಲ. ನೀರೆಲ್ಲ ಹೋಮ್‌ವರ್ಕ್ ಪುಸ್ತಕಗಳ ಮೇಲೆ. ಒರೆಸಲು ಓಡಿ ಬಂದವರಲ್ಲಿ ಒಬ್ಬನ ಕೈಯಲ್ಲಿ ಸ್ವೆಟರ್ ಇತ್ತು. ಅವನದಲ್ಲ, ಹಿಂದಿನ ಬೆಂಚಿನವನದು. ಈ ಗಲಾಟೆಯ ನಡುವೆ ಒಂದು ದೂರು ಬಂತು: "ಮಿಸ್, ಇವಳು ನಂಗೆ ಸಹಾಯ ಮಾಡೋಕೇ ಬಿಡ್ತಿಲ್ಲ!"

ಮಧ್ಯಾಹ್ನದ ಹೊತ್ತಿಗೆ ನಕ್ಷತ್ರದ ಬೆಲೆ ಪಾತಾಳಕ್ಕೆ ಇಳಿದಿತ್ತು. ಒಬ್ಬ ಗಂಭೀರವಾಗಿ ಬಂದು, "ಮಿಸ್, ನಾನು ಇವತ್ತು ಅವನಿಗೆ ಹೊಡೀಲಿಲ್ಲ" ಅಂದ. ಅವನ ಮಟ್ಟಿಗೆ ಅದು ಸಣ್ಣ ಸಾಧನೆಯೇನಲ್ಲ. ಆದರೆ ಅವನಿಗೆ ಕೊಟ್ಟರೆ ಉಳಿದವರು ಬಿಡುತ್ತಾರಾ? "ನಾನೂ ಹೊಡೀಲಿಲ್ಲ ಮಿಸ್" ಅಂತ ಸಾಲು ನಿಂತಿತು. ಆ ಸಾಲಿನಲ್ಲಿ ಮುಂದೆ ನಿಲ್ಲಲು ಇಬ್ಬರು ಹೊಡೆದಾಡಿಕೊಂಡರು.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟಾಣಿಗಳಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿ ನೋಡಿದ್ದರು. ಬಹುಮಾನದಲ್ಲೂ ಬಂಗಾರದ ನಕ್ಷತ್ರವೇ ಇತ್ತು! ಕೆಲವು ದಿನಗಳ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ನೆ ಮುಂದಿಟ್ಟರೆ, ಆ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಜೊತೆ ಕಳೆದರು. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಇನ್ನೂ ಚಿಕ್ಕವರ ಮೇಲೆ, ಅಂದರೆ 20 ತಿಂಗಳ ಕೂಸುಗಳ ಮೇಲೆ, ಹೀಗೇ ಪ್ರಯೋಗ ಮಾಡಿದರು. ಬಿದ್ದದ್ದನ್ನು ಎತ್ತಿಕೊಟ್ಟದ್ದಕ್ಕೆ ಆಟಿಕೆ ಪಡೆದ ಕೂಸುಗಳು ಆಮೇಲೆ ಎತ್ತಿಕೊಡುವುದನ್ನೇ ಕಡಿಮೆ ಮಾಡಿದವು. ಬರೀ ಹೊಗಳಿಸಿಕೊಂಡವು, ಏನೂ ಸಿಗದವು ಮೊದಲಿನಂತೆಯೇ ಎತ್ತಿಕೊಡುತ್ತಿದ್ದವು. ಸ್ಟಾಫ್ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು ನಿಜ, ಆದರೆ ಅಷ್ಟರಲ್ಲಿ ಸ್ಟಿಕ್ಕರ್ ತಂದಾಗಿತ್ತು.

ನಿಜವಾದ ದಯೆ ಕ್ಲಾಸಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ, ಆದರೆ ಬಹುಪಾಲು ಕಳ್ಳತನದಲ್ಲಿ ನಡೆಯುತ್ತದೆ. ಉಕ್ತಲೇಖನ ಬರೆಸುವಾಗ ಪುಸ್ತಕವನ್ನು ಒಂಚೂರು ಪಕ್ಕಕ್ಕೆ ಓರೆ ಮಾಡುವವಳಿದ್ದಾಳೆ, ಪಕ್ಕದವನಿಗೆ ಒತ್ತಕ್ಷರ ಬರುವುದಿಲ್ಲ ಅಂತ. ನಿಯಮದ ಪ್ರಕಾರ ಅದು ಕಾಪಿ. ನಾನು ಆ ಹೊತ್ತಿಗೆ ಸರಿಯಾಗಿ ಕಿಟಕಿ ಕಡೆ ತಿರುಗುತ್ತೇನೆ.

ಮೊನ್ನೆ ಲೆಕ್ಕದ ಪಿರಿಯಡ್‌ನಲ್ಲಿ ಕಡೆಯ ಬೆಂಚಿನ ಹುಡುಗ ತಲೆ ತಗ್ಗಿಸಿ ಏನನ್ನೋ ಕಚ್ಚುತ್ತಿದ್ದ. ಹತ್ತಿರ ಹೋದೆ. ಹೊಸ ರಬ್ಬರ್. ಪಕ್ಕದವನು ತಪ್ಪು ಬರೆದು, ಅಳಿಸಲು ಏನೂ ಇಲ್ಲದೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆ ತೂತು ಮಾಡಿಕೊಂಡಿದ್ದ. ಇವನ ಹತ್ತಿರ ಬ್ಲೇಡಿಲ್ಲ, ಹಲ್ಲಿದೆ. ಅದೂ ಮುಂದಿನದೊಂದು ಬಿದ್ದುಹೋಗಿರುವುದರಿಂದ ಪಕ್ಕದ ಹಲ್ಲಿನಲ್ಲಿ ಕಷ್ಟಪಟ್ಟು ಎರಡು ತುಂಡು ಮಾಡುತ್ತಿದ್ದ. ನನ್ನನ್ನು ಕಂಡದ್ದೇ ಬೈಗುಳ ಗ್ಯಾರಂಟಿ ಅಂದುಕೊಂಡು ಎರಡೂ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಟ್ಟ. "ಏನಿಲ್ಲ ಮಿಸ್."

ನಾನೂ ಏನೂ ಕೇಳದೆ ಮುಂದೆ ಹೋದೆ. ತಿರುಗಿ ನೋಡಿದಾಗ ದೊಡ್ಡ ತುಂಡು ಪಕ್ಕದವನ ಕೈಯಲ್ಲಿತ್ತು. ಚಾರ್ಟಿನಲ್ಲಿ ಈ ಹುಡುಗನ ಹೆಸರಿನ ಮುಂದೆ ಇನ್ನೂ ಒಂದೂ ನಕ್ಷತ್ರವಿಲ್ಲ, ಅವನು ಕೇಳಿಯೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಅವನ ಅಮ್ಮ ಗೇಟಿನ ಹತ್ತಿರ ಕಾದಿದ್ದರು. ಕೈಯಲ್ಲಿ ಹಲ್ಲಿನ ಗುರುತಿರುವ ಅರ್ಧ ರಬ್ಬರ್.

"ಮಿಸ್, ಇವನು ರಬ್ಬರ್ ತಿನ್ನೋಕೆ ಶುರು ಮಾಡಿದ್ದಾನೆ. ಅರ್ಧ ಹೊಟ್ಟೆಗೆ ಹೋಗಿದೆ. ಕ್ಲಾಸಲ್ಲಿ ಸ್ವಲ್ಪ ಗಮನ ಕೊಡ್ತೀರಾ?"