ಇನ್ನೊಂದೇ ಒಂದು ಫೋಟೋ

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಮಕ್ಕಳು ಈಗ ಮಲಗಿದ್ದಾರೆ. ಬರೆದರಾದರೂ ಸ್ವಲ್ಪ ಹಗುರ ಆಗುತ್ತಾ ನೋಡ್ತೀನಿ.

ಇವತ್ತು ಸಣ್ಣವನ ಶಾಲೆಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ ಇತ್ತು. ನರ್ಸರಿ ಮಕ್ಕಳೆಲ್ಲ ಸಾಂಟಾ ಡ್ರೆಸ್ ಹಾಕಿಕೊಂಡು ಬರಬೇಕು ಅಂತ ವಾರದ ಹಿಂದೆಯೇ ಮೆಸೇಜ್ ಬಂದಿತ್ತು. 350 ರೂಪಾಯಿ ಬಾಡಿಗೆ, 500 ಡಿಪಾಸಿಟ್ ಕೊಟ್ಟು ತಂದೆ. ಕೆಂಪು ಅಂಗಿ, ಕೆಂಪು ಪ್ಯಾಂಟ್, ಅಗಲದ ಕರಿ ಬೆಲ್ಟ್, ಕಿವಿಗೆ ಸಿಕ್ಕಿಸೋ ಬಿಳಿ ಗಡ್ಡ. ಬೆಳಗಾವಿ ಡಿಸೆಂಬರ್ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಸ್ವೆಟರ್ ಬೇಕು, ಹನ್ನೊಂದರ ಹೊತ್ತಿಗೆ ಬಿಸಿಲು ಚುರುಗುಡುತ್ತೆ. ಕಾರ್ಯಕ್ರಮ ಶುರುವಾಗಿದ್ದೇ ಹನ್ನೊಂದಕ್ಕೆ, ಅದೂ ಬಯಲಲ್ಲಿ.

ಹಾಡು ಐದು ನಿಮಿಷದಲ್ಲಿ ಮುಗೀತು. ಫೋಟೋ ಮುಗೀಲಿಲ್ಲ. ಮೊದಲು ಎಲ್ಲರದ್ದೂ ಒಟ್ಟಿಗೆ. ಆಮೇಲೆ ಟೀಚರ್ ಜೊತೆ. ಆಮೇಲೆ ಕ್ರಿಸ್‌ಮಸ್ ಗಿಡದ ಪಕ್ಕ ಒಬ್ಬೊಬ್ಬರನ್ನೇ ನಿಲ್ಲಿಸಿ. ಅದಾದ ಮೇಲೆ ಅಪ್ಪ ಅಮ್ಮಂದಿರು ಮೊಬೈಲ್ ಹಿಡಿದುಕೊಂಡು ಮುಂದೆ ಬಂದರು. ನಾನೂ ಬಂದೆ.

"ಮಮ್ಮಿ, ಗಡ್ಡ ಚುಚ್ಚತೈತಿ" ಅಂದ ಮಗ. ಅವನು ಗಡ್ಡ ಕೆಳಗೆ ಎಳೆಯೋದು, ಯಾರೋ ಬಂದು ಮತ್ತೆ ಏರಿಸೋದು. ಮೂರನೇ ಸಲ ಎಳೆದಾಗ ಅವನ ಕೈ ಹಿಡಿದು ಕೆಳಗಿಳಿಸಿ, "ಇನ್ನೊಂದೇ ಒಂದು ಫೋಟೋ ಪುಟ್ಟಾ, ನಗು ನಗು" ಅಂದರು. ಅವನು ಒಂದು ಕಾಲಿಗೆ ಇನ್ನೊಂದು ಕಾಲು ಸುತ್ತಿ ನಿಂತಿದ್ದ. ಎರಡು ಮಕ್ಕಳ ತಾಯಿ ನಾನು, ಹಾಗೆ ನಿಂತರೆ ಏನು ಅರ್ಥ ಅಂತ ನನಗೆ ಗೊತ್ತಿಲ್ವಾ? ನಾನು ಸ್ಕ್ರೀನಿನಲ್ಲಿ ಅವನ ಮುಖ ಮಾತ್ರ ನೋಡ್ತಿದ್ದೆ. ಫೋನ್ ಕೆಳಗಿಳಿಸೋ ಹೊತ್ತಿಗೆ ಪ್ಯಾಂಟ್ ಒದ್ದೆ ಆಗಿತ್ತು. ಆ ಬೆಲ್ಟ್ ಬಿಚ್ಚೋಕೆ ಅವನಿಗೆ ಬರಲ್ಲ. ಮೂರೂವರೆ ವರ್ಷದ ಮಗು.

ಯಾರೋ ಅದನ್ನೂ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದರು. ಫೋನ್ ಮಾಡಿ ತೆಗೆಸಿದೆ. ಅಷ್ಟರಲ್ಲಿ ಎಷ್ಟು ಜನ ನೋಡಿದ್ದರೋ. ಒಂದು ಮಗುವಿನ ಮರ್ಯಾದೆ ಮರ್ಯಾದೆ ಅಲ್ವಾ?

ಇದೇ ಮಗ ಹೋದ ಭಾನುವಾರ ಹೇಗಿದ್ದ ಅಂತ ಹೇಳ್ತೀನಿ ಕೇಳಿ. ಇಲ್ಲಿನ ಕ್ಯಾಂಪ್ ಏರಿಯಾದ ಆಂಟಿ ಬಗ್ಗೆ ಹಿಂದೆಯೂ ಬರೆದಿದ್ದೀನಿ. ಇಳಕಲ್ಲಿನಿಂದ ಮದುವೆಯಾಗಿ ಈ ಊರಿಗೆ ಬಂದಾಗ ನಾವು ಬಾಡಿಗೆಗೆ ಇದ್ದದ್ದು ಅವರ ಮನೆಯ ಹಿಂದಿರೋ ಮನೆಯಲ್ಲಿ. ಅವರ ಹಿರಿಯರು ಗೋವಾದವರು. ಪ್ರತಿ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ಅವರ ಅಡುಗೆಮನೆಯಲ್ಲಿ ಕಲಕಲ ಅನ್ನೋ ಕ್ರಿಸ್‌ಮಸ್ ತಿಂಡಿ ಮಾಡೋ ಕೆಲಸ. ಓಣಿಯ ಮಕ್ಕಳೆಲ್ಲ ಅಲ್ಲೇ. ಆಂಟಿ ಪ್ರತಿ ಮಗುವಿಗೂ ಒಂದು ಹೊಸ ಬಾಚಣಿಗೆ ಕೊಡ್ತಾರೆ. ಮೈದಾ, ತೆಂಗಿನ ಹಾಲು, ತುಪ್ಪ ಹಾಕಿ ನಾದಿದ ಹಿಟ್ಟು. ಗೋಲಿಯಷ್ಟು ಉಂಡೆ ತೆಗೆದುಕೊಂಡು ಬಾಚಣಿಗೆ ಮೇಲೆ ಒತ್ತಬೇಕು, ಹಾಗೇ ಸುರುಳಿ ಸುತ್ತಬೇಕು. ಮೇಲೆ ಗೆರೆ ಗೆರೆ ಮೂಡಿ ಶಂಖದ ಹುಳದ ಹಾಗೆ ಆಗುತ್ತೆ. ಆಮೇಲೆ ಎಣ್ಣೆಗೆ. ನಮ್ಮ ಅತ್ತೆ ಅದನ್ನು ನೋಡಿ, "ಅಯ್ಯ, ಇದು ನಮ್ಮ ಗೌಲಿ ಮಾಡಿದ್ಹಂಗ ಐತಲ್ಲ!" (ಗೌಲಿ ಅಂದರೆ ಶ್ಯಾವಿಗೆ ಥರ ಹಿಟ್ಟಿನಿಂದ ಕೈಯಲ್ಲಿ ಮಾಡೋದು) ಅಂತ ಸೆರಗು ಸಿಕ್ಕಿಸಿ ತಾವೂ ಕೂತುಬಿಟ್ಟರು. ಪಕ್ಕದಲ್ಲಿ ನೇವರಿ ತುಂಬೋ ಕೆಲಸ ನಡೆದಿತ್ತು. ನೋಡೋಕೆ ನಮ್ಮ ಕರಚಿಕಾಯಿಯೇ.

ನನ್ನ ಮಗ ಮಾಡಿದ್ದು ಒಂದೂ ಸುರುಳಿ ಸುತ್ತಲಿಲ್ಲ. ಚಪ್ಪಟೆ, ಮೇಲೆ ಬೆರಳ ಗುರುತು. ಆಂಟಿ ಅದನ್ನು ಮತ್ತೆ ಮುದ್ದೆ ಮಾಡಲಿಲ್ಲ, ಸರಿಮಾಡಲೂ ಇಲ್ಲ. ಹಾಗೇ ಕರಿದು, ಒಂದು ಸಣ್ಣ ಬಟ್ಟಲಿಗೆ ಬೇರೆ ಹಾಕಿ, "ಇದು ನಿಂದು" ಅಂತ ಕೈಗೆ ಕೊಟ್ಟರು. ಹನ್ನೊಂದು ಕಲಕಲ. ಎರಡು ತಾಸು ಆ ಹುಡುಗ ಎದ್ದಿರಲಿಲ್ಲ, ಅತ್ತಿರಲಿಲ್ಲ. ಮೂಗಿನ ಮೇಲೆಲ್ಲ ಹಿಟ್ಟು. ಒಬ್ಬರೂ ಫೋಟೋ ತೆಗೀಲಿಲ್ಲ, ಎಲ್ಲರ ಕೈಯಲ್ಲೂ ಹಿಟ್ಟಿತ್ತು.

ಅಲ್ಲೇ ಮಗಳು ಕೇಳಿದಳು, "ಆಂಟಿ, ಸಾಂಟಾ ಖರೇ ಅದಾನೇನ್ರೀ?" ಆಂಟಿ ಕಥೆ ಹೇಳಿದರು. ನಿಕೋಲಸ್ ಅಂತ ಒಬ್ಬ ಬಿಷಪ್ ಇದ್ದರು, ಈಗಿನ ಟರ್ಕಿ ದೇಶದ ಮೈರಾ ಅನ್ನೋ ಊರಲ್ಲಿ, 1,600 ವರ್ಷಕ್ಕಿಂತ ಹಿಂದೆ. ಡಿಸೆಂಬರ್ 6 ಅವರ ಹಬ್ಬ. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ಮದುವೆ ಮಾಡೋಕೆ ದುಡ್ಡಿಲ್ಲ. ನಿಕೋಲಸ್ ರಾತ್ರಿ ಹೋಗಿ ಕಿಟಕಿಯಿಂದ ಚಿನ್ನದ ಗಂಟು ಒಳಗೆ ಎಸೆದು ಬಂದರಂತೆ. ಕೊಟ್ಟವರು ಯಾರು ಅಂತ ಯಾರಿಗೂ ಗೊತ್ತಾಗಬಾರದು ಅಂತ.

ಇವತ್ತು ಆ ಬಯಲಲ್ಲಿ ನಿಂತಾಗ ನನಗೆ ನೆನಪಾಗಿದ್ದು ಅದೇ. ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ ಕೊಟ್ಟು ಹೋದ ಮನುಷ್ಯನ ವೇಷ ಹಾಕಿಸಿ, ಮಕ್ಕಳನ್ನು ನಲವತ್ತು ನಿಮಿಷ ಬಿಸಿಲಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿದ್ವಿ.

ನೆನಪಿಗೆ ಬೇಕಲ್ವಾ ಅಂತ ಕೆಲವರು ಹೇಳ್ತೀರಿ. ಸರಿ, ಬೇಕು. ಒಂದು ತೆಗೀರಿ. ಮನೆಯಲ್ಲಿ ಇಲ್ಲದವರು ನೋಡೋದು ಹೇಗೆ ಅಂತಾರೆ ಇನ್ನೊಬ್ಬರು. ನಮ್ಮವರೇ ಹಾಗೆ. ಸುವರ್ಣಸೌಧದಲ್ಲಿ ಅಧಿವೇಶನ ಶುರುವಾದರೆ ಡ್ಯೂಟಿ ಮುಗಿಸಿ ಅವರು ಮನೆ ಸೇರೋ ಹೊತ್ತಿಗೆ ಮಕ್ಕಳು ನಿದ್ದೆ. ಅವರಿಗೆಂದೇ ಇವತ್ತು ಒಂಬತ್ತು ಫೋಟೋ ಕಳಿಸಿದ್ದೆ. ಅವರ ಉತ್ತರ ಒಂದೇ ಸಾಲು: "ಹುಡುಗ ಯಾಕ ಅತ್ತಾನ?" ಒಂಬತ್ತರಲ್ಲಿ ಅವರಿಗೆ ಕಂಡಿದ್ದು ಮಗನ ಕೆಂಪು ಕಣ್ಣು. ಇಂಥ ನೆನಪು ಯಾರಿಗೆ ಬೇಕು ಹೇಳಿ.

ಒಂದು ಮಾತು ಇದುವರೆಗೂ ಯಾರಿಗೂ ಹೇಳಿಲ್ಲ. ಕಳೆದ ಸಲ ಎಳ್ಳ ಅಮಾವಾಸ್ಯೆಗೆ ತವರಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲೋಕೆ, ಅಂದರೆ ಭೂತಾಯಿಗೆ ಎಡೆ ಚೆಲ್ಲೋಕೆ, ಮಗಳು ತಲೆ ಮೇಲೆ ಸಣ್ಣ ಬುಟ್ಟಿ ಇಟ್ಟುಕೊಂಡು ಜೋಳದ ಸಾಲಲ್ಲಿ ನಡೆದು ಬಂದಳು. ಎಷ್ಟು ಚೆಂದ ಕಂಡಳು ಅಂದರೆ, ವಿಡಿಯೋ ಸರಿ ಬರಲಿಲ್ಲ ಅಂತ ಮೂರು ಸಲ ವಾಪಸ್ ಕಳಿಸಿ ನಡೆಸಿದೆ. ಮೂರನೇ ಸಲ ಸ್ವಲ್ಪ ಕುಂಟುತ್ತಿದ್ದಳು. ನಗು ಅಂದೆ, ನಕ್ಕಳು. ಸಂಜೆ ಕಾಲು ತೊಳೆಸುವಾಗ ಅಂಗಾಲಲ್ಲಿ ಮುಳ್ಳು ಮುರಿದಿತ್ತು. "ಯಾಕ ಹೇಳಲಿಲ್ಲವ್ವಾ?" ಅಂತ ಕೇಳಿದೆ. "ನೀನೇ ನಗು ಅಂದಿದ್ದಿ" ಅಂದಳು. ಆ ವಿಡಿಯೋಗೆ ನೀವೆಲ್ಲ ಲೈಕ್ ಕೊಟ್ಟಿದ್ದಿರಿ. ಇವತ್ತು ಅದನ್ನು ತೆಗೆದು ಹಾಕಿದ್ದೀನಿ.

ಶಾಲೆಗೆ ಪತ್ರ ಬರೆದಿದ್ದೀನಿ. ಗಡ್ಡ ಬೇಡ, ಬೆಲ್ಟ್ ಬೇಡ, ಒಂದು ಕೆಂಪು ಟೊಪ್ಪಿಗೆ ಸಾಕು. ನೆರಳಲ್ಲಿ ಕೂರಿಸಿ. ಒಬ್ಬರೇ ಫೋಟೋ ತೆಗೆದು ಎಲ್ಲರಿಗೂ ಕಳಿಸಲಿ. ಆ ಹೊತ್ತಲ್ಲಿ ಮಕ್ಕಳ ಕೈಗೆ ಸ್ವಲ್ಪ ಹಿಟ್ಟು ಕೊಡಿ, ಬಣ್ಣ ಕೊಡಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋಕೆ ಹುಲ್ಲು ಕೊಡಿ. ಇಷ್ಟು ಕೇಳೋದು ಜಾಸ್ತಿ ಆಯ್ತಾ?

ಇಪ್ಪತ್ತೈದರ ಸಂಜೆ ಆಂಟಿ ಮನೆಗೆ ಹೋಗ್ತೀವಿ. ಮೊಬೈಲ್ ಮನೆಯಲ್ಲೇ ಇರುತ್ತೆ, ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಬಟ್ಟಲಲ್ಲಿ ಇನ್ನೂ ನಾಲ್ಕು ಕಲಕಲ ಉಳಿದಿವೆ. ದಿನಕ್ಕೊಂದು ಅಂತ ಎಣಿಸಿ ತಿಂತಿದ್ದಾನೆ. ಇವತ್ತು ಅಳು ನಿಂತ ಮೇಲೆ ನನಗೂ ಅರ್ಧ ಕೊಟ್ಟ. ಬಾಡಿಗೆ ಡ್ರೆಸ್ ಬೆಳಿಗ್ಗೆ ವಾಪಸ್ ಕೊಡಬೇಕು. ಪ್ಯಾಂಟ್ ತೊಳೆದು ಹಾಕಿದ್ದೀನಿ, ಈ ಚಳಿಗೆ ಇನ್ನೂ ಒಣಗಿಲ್ಲ.