65ರವರೆಗೂ ಯುವಕರಾ? ಸತ್ಯಾಂಶ ಇಲ್ಲಿದೆ

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಂತೆ: 18ರಿಂದ 65ರವರೆಗೆ ಯುವಕರು, 79ರವರೆಗೆ ಮಧ್ಯವಯಸ್ಕರು, 80 ಆದ ಮೇಲಷ್ಟೇ ವೃದ್ಧರು. ಓದಲು ಖುಷಿಯೇ, ಆದರೆ ಆ ಸಂಸ್ಥೆ ಅಂಥ ಪಟ್ಟಿ ಮಾಡಿಲ್ಲ. ವಿಶ್ವಸಂಸ್ಥೆ ತನ್ನ ಅಂಕಿಅಂಶಗಳಲ್ಲಿ ಯುವಜನ ಎನ್ನುವುದು 15ರಿಂದ 24ರವರನ್ನು.

‘ಹಿರಿಯ ನಾಗರಿಕ’ ಎಂಬ ಮಾತಿಗೆ ನಮ್ಮಲ್ಲಿ ಕಾನೂನಿನ ಅರ್ಥವೇ ಇದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ಇರುವ 2007ರ ಕಾಯ್ದೆಯ ಪ್ರಕಾರ 60 ತುಂಬಿದ ಭಾರತೀಯರೆಲ್ಲ ಹಿರಿಯ ನಾಗರಿಕರು. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳಿ ಮಡಿಕೇರಿಯ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ಅದಕ್ಕೆ ವಕೀಲರೂ ಬೇಕಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ 25 ರಿಯಾಯಿತಿಯೂ 60ಕ್ಕೇ ಶುರು.

ಎಲ್ಲದಕ್ಕೂ ಒಂದೇ ವಯಸ್ಸಿಲ್ಲ ಎನ್ನುವುದು ನಿಜ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಿರಬೇಕು, ಉಚಿತ ಆಸ್ಪತ್ರೆ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ 70. ಆದಾಯ ತೆರಿಗೆಯಲ್ಲಿ 80 ಆದವರಿಗೆ ಇನ್ನೊಂದು ವರ್ಗ.

ಮುದುಕ ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಅಲ್ವಾ? ಸೋಮವಾರಪೇಟೆಯ ತೋಟದಲ್ಲಿ ಇವತ್ತಿಗೂ ಏಣಿ ಹತ್ತಿ ಮೆಣಸು ಕೊಯ್ಯುವ 62ರ ಅಜ್ಜನನ್ನು ಹಾಗೆ ಕರೆಯಲೂ ಬೇಕಾಗಿಲ್ಲ. ಆದರೆ ಈ ಮೆಸೇಜ್ ನಂಬಿ ಅವರು ತಮಗೆ ಸಿಗಬೇಕಾದ ರಿಯಾಯಿತಿ ಕೇಳದೆ ಸುಮ್ನೆ ಪೂರ್ತಿ ಟಿಕೆಟ್ ತೆಗೆದುಕೊಂಡರೆ ನನಗೆ ಬೇಸರ. ವಯಸ್ಸು ತೋರಿಸುವ ಗುರುತಿನ ಚೀಟಿ ಜೇಬಿನಲ್ಲಿರಲಿ, ಕಂಡಕ್ಟರ್ ಹತ್ತಿರ ಕೇಳಿ.